ಕೆಲಸ ಬಿಟ್ಟರೆ ಕಾರ್ಡೂ ಹೋಗುತ್ತಾ? ಹೆಂಗಸರ ಸ್ವಂತ ದುಡಿಮೆ ಮತ್ತು ಆರೋಗ್ಯ ವಿಮೆ

ಮೇ ತಿಂಗಳ ಒಂದು ಭಾನುವಾರ ಸೀರೆಗೆ ಫಾಲ್ಸ್ ಹಾಕಿಸಲು ನಮ್ಮ ಬೀದಿಯ ಕೊನೆ ಮನೆಗೆ ಹೋಗಿದ್ದೆ. ಆ ಮನೆಯ ಅಕ್ಕ ಹಗಲು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅಳತೆ ಬರೆದಿಡುವ ನೋಟ್‌ಬುಕ್ಕಿನ ಕೊನೆ ಹಾಳೆ ತೆಗೆದು ತೋರಿಸಿದರು. ಲೈನಿಂಗ್ ಬ್ಲೌಸ್‌ಗೆ 400 ರೂಪಾಯಿ. ಇಡೀ ದಿನ ಇದನ್ನೇ ಮಾಡಿದರೆ ತಿಂಗಳಿಗೆ 45 ಬ್ಲೌಸ್, ಅಂದರೆ 18,000. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕರೆಂಟು ಕಳೆದರೆ 14,000 ಉಳಿಯುತ್ತದೆ. ಕಾರ್ಖಾನೆಯ ಸಂಬಳ 13,000.

"ಬಿಟ್ಟುಬಿಡೋಣ ಅಂತಿದ್ದೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೆಲಸ ಬಿಟ್ಟರೆ ಇಎಸ್‌ಐ ಕಾರ್ಡೂ ಹೋಗುತ್ತಲ್ವಾ? ನನಗೆ ಥೈರಾಯ್ಡು, ಅಮ್ಮನಿಗೆ ಶುಗರ್ರು. ಯಜಮಾನರದ್ದು ಆಟೋ, ಅವರ ಕಡೆಯಿಂದ ಯಾವ ಕಾರ್ಡೂ ಇಲ್ಲ" ಅಂದರು.

ಇಎಸ್‌ಐ ಅಂದರೆ ಕೆಲಸದ ಜೊತೆ ಬರುವ ಆರೋಗ್ಯ ವಿಮೆ. ನೋಟ್‌ಬುಕ್ಕಿನ ಲೆಕ್ಕದಲ್ಲಿ ಆ ಸಾಲು ಇರಲಿಲ್ಲ. ಸ್ವಂತ ದುಡಿಮೆಗೆ ಇಳಿಯಬೇಕು ಅಂತ ಲೆಕ್ಕ ಹಾಕುವ ತುಂಬಾ ಹೆಂಗಸರ ಹಾಳೆಯಲ್ಲಿ ಅದು ಇರುವುದಿಲ್ಲ. ಮಷಿನ್ನು, ಬಾಡಿಗೆ, ಸಾಲ ಎಲ್ಲ ಇರುತ್ತದೆ. ಆರೋಗ್ಯ ವಿಮೆ ಮಾತ್ರ ತಲೆಯಲ್ಲಿ ಚಿಂತೆಯಾಗಿ ಇರುತ್ತದೆ, ಅಂಕಿಯಾಗಿ ಇರುವುದಿಲ್ಲ. ಅದನ್ನು ಅಂಕಿಯಾಗಿ ಬರೆದರೆ ಹೇಗಿರುತ್ತದೆ ಅಂತ ನೋಡೋಣ.

ವಿಮೆ ಯಾವ ಬಾಗಿಲಿಂದ ಬರುತ್ತದೆ

ವಿಮೆ ಅನ್ನುವುದು ಒಂದು ತರಹದ ಚೀಟಿ. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕುತ್ತಾರೆ. ಚೀಟಿಯಲ್ಲಾದರೆ ನಮ್ಮ ಸರದಿ ಯಾವಾಗ ಬರುತ್ತೋ ಅಂತ ಕಾಯುತ್ತೇವೆ. ವಿಮೆಯಲ್ಲಿ ನಮ್ಮ ಸರದಿ ಬರದೇ ಇರಲಿ ಅಂತ ಬೇಡಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ. ನಾವು ಹಾಕುವ ಕಂತಿಗೆ ಪ್ರೀಮಿಯಂ ಅಂತಾರೆ.

ನಮ್ಮಲ್ಲಿ ಈ ರಕ್ಷಣೆ ಮನೆಗೆ ಬರುವುದು ಮೂರು ಬಾಗಿಲಿಂದ. ಒಂದು, ಕೆಲಸದ ಮೂಲಕ: ಇಎಸ್‌ಐ, ಅಥವಾ ಕಂಪನಿ ಕೊಡುವ ಗ್ರೂಪ್ ವಿಮೆ. ಎರಡು, ಸರ್ಕಾರದ ಇಲ್ಲವೇ ಸಹಕಾರ ಸಂಘದ ಕಾರ್ಡು. ಮೂರು, ನಾವೇ ಕೊಂಡುಕೊಳ್ಳುವ ಪಾಲಿಸಿ. ಕೆಲಸ ಬಿಟ್ಟು ಸ್ವಂತಕ್ಕೆ ಇಳಿದರೆ ಮೊದಲನೇ ಬಾಗಿಲು ಮುಚ್ಚುತ್ತದೆ. ಉಳಿದ ಎರಡು ಎಷ್ಟು ತೆರೆದಿವೆ ಅನ್ನುವುದರ ಮೇಲೆ ಆಕೆಯ ಧೈರ್ಯ ನಿಂತಿರುತ್ತದೆ.

98 ರೂಪಾಯಿಯೊಳಗೆ ಏನೇನಿದೆ

ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದದ್ದು. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಸಿಗುತ್ತದೆ. ನೌಕರರ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ನಮ್ಮ ಅಕ್ಕನ 13,000ಕ್ಕೆ ಲೆಕ್ಕ ಹಾಕಿ: ಆಕೆ ಕಟ್ಟುವುದು ಸುಮಾರು 98 ರೂಪಾಯಿ, ಕಾರ್ಖಾನೆ ಕಟ್ಟುವುದು ಸುಮಾರು 423.

ಪಗಾರದ ಚೀಟಿಯಲ್ಲಿ ಕಾಣುವುದು ಆ 98 ಮಾತ್ರ. ಅದಕ್ಕೆ ಸಿಗುವುದನ್ನು ನೋಡಿ. ಆಕೆಗೆ, ಗಂಡನಿಗೆ, ಮಕ್ಕಳಿಗೆ, ಆಕೆಯನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೆ ಚಿಕಿತ್ಸೆ. ಆಸ್ಪತ್ರೆಗೆ ಸೇರಿದಾಗ ಮಾತ್ರ ಅಲ್ಲ, ಡಿಸ್ಪೆನ್ಸರಿಯಲ್ಲಿ ತೋರಿಸಿಕೊಂಡು ತರುವ ಮಾತ್ರೆಯೂ ಸೇರಿ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ದುಡ್ಡು. ಮೊದಲ ಎರಡು ಹೆರಿಗೆಗೆ 26 ವಾರ ಪೂರ್ತಿ ಸಂಬಳ.

ಕ್ಯೂ ಉದ್ದ ಇರುತ್ತದೆ, ಬೆಳಿಗ್ಗೆ ಹೋದರೆ ಮಧ್ಯಾಹ್ನ ಆಗುತ್ತದೆ, ಬರೆದ ಮಾತ್ರೆ ಕೆಲವು ಸಲ ಇರುವುದಿಲ್ಲ. ಬಳಸಿದವರೆಲ್ಲ ಗೊಣಗುತ್ತಾರೆ, ಗೊಣಗಬೇಕಾದ್ದೇ. ಆದರೂ ಕಾಯಿಲೆ ದಿನದ ಸಂಬಳ, ಹೆರಿಗೆ ರಜೆಯ ಸಂಬಳ, ಇಡೀ ಮನೆಯ ಮಾತ್ರೆ, ಈ ಮೂರನ್ನೂ ಒಟ್ಟಿಗೆ ಕೊಡುವ ಇನ್ನೊಂದು ಪಾಲಿಸಿಯನ್ನು ಆ ದುಡ್ಡಿಗೆ ಅಂಗಡಿಯಲ್ಲಿ ಕೊಳ್ಳಲು ಆಗುವುದಿಲ್ಲ. ಹಾಗಾಗಿ 13,000ಕ್ಕೂ 14,000ಕ್ಕೂ ಇರುವ ವ್ಯತ್ಯಾಸ 1,000 ಅಲ್ಲ. ಎಷ್ಟು ಅನ್ನುವುದು ಆ ವರ್ಷ ಮನೆಯಲ್ಲಿ ಯಾರಿಗೆ ಹುಷಾರು ತಪ್ಪುತ್ತದೆ ಅನ್ನುವುದನ್ನು ಅವಲಂಬಿಸಿದೆ.

ಅಮೆರಿಕದವರು ಇದಕ್ಕೆ ಇಟ್ಟ ಹೆಸರು: ಜಾಬ್ ಲಾಕ್

ಈ ಸಿಕ್ಕನ್ನು ತುಂಬಾ ಅಳೆದು ತೂಗಿ ನೋಡಿದ್ದು ಅಮೆರಿಕದವರು. ಅಲ್ಲಿ ಆರೋಗ್ಯ ವಿಮೆ ನೌಕರಿಗೆ ಅಂಟಿಕೊಂಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಸರ್ಕಾರ ಸಂಬಳ ಏರಿಸುವುದಕ್ಕೆ ಮಿತಿ ಹಾಕಿತು. ಕೆಲಸದವರು ಬೇಕು, ಸಂಬಳ ಜಾಸ್ತಿ ಕೊಡುವ ಹಾಗಿಲ್ಲ. ಕಂಪನಿಗಳು ಸಂಬಳದ ಬದಲು ವಿಮೆ ಕೊಡತೊಡಗಿದವು. ಯುದ್ಧ ಮುಗಿದರೂ ಅಭ್ಯಾಸ ಹೋಗಲಿಲ್ಲ, ತೆರಿಗೆ ವಿನಾಯಿತಿ ಬೇರೆ ಸೇರಿಕೊಂಡಿತು.

ಹಾಗಾಗಿ ಒಬ್ಬರಿಗೆ ಕೆಲಸ ಬೇಜಾರಾಗಿದೆ, ಸ್ವಂತ ಬೇಕರಿ ಇಡುವ ಆಸೆ ಇದೆ, ಆದರೆ ಮಗುವಿಗೆ ಆಸ್ತಮಾ. ವಿಮೆ ಬಿಟ್ಟು ಹೊರಗೆ ಬರಲು ಆಗುವುದಿಲ್ಲ. ಇದಕ್ಕೇ ಜಾಬ್ ಲಾಕ್ ಅಂತಾರೆ, ಕೆಲಸದ ಬೀಗ. 1994ರಲ್ಲಿ ಅರ್ಥಶಾಸ್ತ್ರಜ್ಞೆ ಬ್ರಿಜಿಟ್ ಮ್ಯಾಡ್ರಿಯನ್ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ತಾವಾಗಿ ಕೆಲಸ ಬಿಡುವವರ ಪ್ರಮಾಣವನ್ನು ಈ ಬೀಗ ಸುಮಾರು ಶೇ 25ರಷ್ಟು ತಗ್ಗಿಸುತ್ತಿತ್ತು.

ವಿಮೆಯ ಭಯದಿಂದಲೇ ಬಿಡುತ್ತಿಲ್ಲ ಅಂತ ಗೊತ್ತಾಗುವುದು ಹೇಗೆ? ಸಂಶೋಧಕರು ಒಂದು ಗೆರೆ ಹುಡುಕುತ್ತಾರೆ. ಗೆರೆಯ ಈಚೆ ವಿಮೆ ಇಲ್ಲ, ಆಚೆ ಇದೆ, ಮಿಕ್ಕಿದ್ದೆಲ್ಲ ಒಂದೇ. ಅಮೆರಿಕದಲ್ಲಿ ಅಂಥ ಗೆರೆ 65ನೇ ಹುಟ್ಟುಹಬ್ಬ. ಸಾಮಾನ್ಯವಾಗಿ ಆ ತಿಂಗಳಿಂದ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಸಿಗುತ್ತದೆ. 64 ಮುಗಿಯುತ್ತಿರುವವರಿಗೂ 65 ದಾಟಿದವರಿಗೂ ಬುದ್ಧಿ, ಬಂಡವಾಳ, ಆಸೆಯಲ್ಲಿ ಅಂಥ ವ್ಯತ್ಯಾಸ ಏನಿರುತ್ತದೆ? ಆದರೂ ಗೆರೆ ದಾಟಿದವರಲ್ಲಿ ಸ್ವಂತ ವ್ಯವಹಾರ ಇರುವವರ ಪ್ರಮಾಣ ಏರಿದ್ದು ಕಂಡಿದೆ.

ನಮ್ಮ ರಾಜ್ಯದಲ್ಲೂ ಇಂಥ ಗೆರೆ ಎಳೆದು ನೋಡಿದ್ದಾರೆ. ಬಡವರ ದೊಡ್ಡ ಕಾಯಿಲೆಗಳಿಗೆ ಅಂತ 2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕಕ್ಕಷ್ಟೇ ಇತ್ತು. ಯೋಜನೆ ಇದ್ದ ಮತ್ತು ಇಲ್ಲದ ಭಾಗಗಳ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದರು. ಯೋಜನೆ ಇದ್ದ ಕಡೆ ಆಸ್ಪತ್ರೆಗೆ ಕೈಯಿಂದ ಹಾಕುವ ದುಡ್ಡು ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಅದು ದುಡಿಮೆಯ ಅಧ್ಯಯನವಲ್ಲ. ಆದರೆ ಸಣ್ಣ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಆಸ್ಪತ್ರೆಗೆ ಹೋಗುವುದೂ ಅದೇ ದುಡ್ಡು ತಾನೇ.

ಅಮೆರಿಕದ ಹೆಂಗಸರಿಗೆ ಬೀಗ ಇನ್ನೂ ಬಿಗಿಯಾಗಿತ್ತು. ಸ್ವಂತವಾಗಿ ಪಾಲಿಸಿ ಕೊಳ್ಳಲು ಹೋದರೆ ಅದೇ ವಯಸ್ಸಿನ ಗಂಡಸಿಗಿಂತ ಜಾಸ್ತಿ ಪ್ರೀಮಿಯಂ. ಹೆರಿಗೆ ಖರ್ಚು ಬಹಳಷ್ಟು ಪಾಲಿಸಿಗಳಲ್ಲಿ ಸೇರುತ್ತಲೇ ಇರಲಿಲ್ಲ. ಹಿಂದೆ ಸಿಸೇರಿಯನ್ ಆಗಿದೆ ಅನ್ನುವುದನ್ನೇ ಕಾರಣ ಮಾಡಿ ಪಾಲಿಸಿ ಕೊಡದೇ ಇದ್ದದ್ದೂ ಉಂಟು. 2010ರಲ್ಲಿ ಸಹಿಯಾದ, ಒಬಾಮಾಕೇರ್ ಅಂತ ನಾವೆಲ್ಲ ಕೇಳಿರುವ ಕಾಯ್ದೆ 2014ರಿಂದ ಈ ಮೂರನ್ನೂ ನಿಲ್ಲಿಸಿತು. ಆಮೇಲೆ ಎಲ್ಲರೂ ಕೆಲಸ ಬಿಟ್ಟು ಅಂಗಡಿ ಇಟ್ಟರಾ? ಇಲ್ಲ. ಅಧ್ಯಯನಗಳ ಫಲಿತಾಂಶ ಒಂದೇ ತರ ಇಲ್ಲ. ಕೆಲವು ಕಡೆ ಸ್ವಂತ ಉದ್ಯೋಗ ಏರಿದೆ, ಕೆಲವು ಕಡೆ ಏನೂ ಆಗಿಲ್ಲ. ಬೀಗ ತೆಗೆದ ಮಾತ್ರಕ್ಕೆ ಎಲ್ಲರೂ ಮನೆ ಬಿಟ್ಟು ಹೊರಡುವುದಿಲ್ಲವಲ್ಲ.

ಗಂಡನ ಕಾರ್ಡು

ಇದೇ ವಿಷಯಕ್ಕೆ ಇನ್ನೊಂದು ಮುಖ ಇದೆ. ಗಂಡನ ಕಂಪನಿಯ ವಿಮೆಯಲ್ಲಿ ಹೆಂಡತಿಯ ಹೆಸರೂ ಇದ್ದರೆ, ಆಕೆ ಸ್ವಂತ ಕೆಲಸಕ್ಕೆ ಇಳಿಯುವ ಸಾಧ್ಯತೆ ಜಾಸ್ತಿ ಅಂತ ಅಮೆರಿಕದ ಅಧ್ಯಯನಗಳು ತೋರಿಸಿವೆ. ಇಲ್ಲಿ ಅದಕ್ಕೆ ಅಧ್ಯಯನ ಬೇಕಿಲ್ಲ. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪು ತೆಗೆದು ನೋಡಿ. ಹೋಳಿಗೆ, ಚಟ್ನಿಪುಡಿ, ಕೇಕು, ಟ್ಯೂಷನ್ನು, ಭರತನಾಟ್ಯದ ಕ್ಲಾಸು. ನಡೆಸುವವರಲ್ಲಿ ತುಂಬಾ ಜನರ ಗಂಡಂದಿರು ಸಾಫ್ಟ್‌ವೇರ್ ಕಂಪನಿಯಲ್ಲಿ ಇರುತ್ತಾರೆ. ಒಬ್ಬರ ವಿಮೆ ಇನ್ನೊಬ್ಬರ ಧೈರ್ಯಕ್ಕೆ ಬಂಡವಾಳ.

ಕಡಲಾಚೆಯ ಕನ್ನಡದ ಮನೆಗಳಲ್ಲೂ ಇದೇ ಕಥೆ. ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವವರ ಹೆಂಡತಿಯರಿಗೆ ಸಿಗುವುದು ಎಚ್-4 ವೀಸಾ. ಅವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ಸಿಕ್ಕಿದ್ದು 2015ರ ಮೇ ತಿಂಗಳಿಂದ. ಆ ಅನುಮತಿ ಸಿಕ್ಕವರು ಮನೆಯಿಂದಲೇ ಕೇಟರಿಂಗ್, ಸಂಗೀತ ಪಾಠ ಅಂತ ಏನು ಶುರು ಮಾಡಿದರೂ ಸಾಮಾನ್ಯವಾಗಿ ವಿಮೆ ಗಂಡನ ಕಂಪನಿಯದ್ದೇ. ಗಂಡನ ಕೆಲಸ ಹೋದರೆ ವಿಮೆ, ವೀಸಾ ಎರಡೂ ಒಟ್ಟಿಗೆ ಅಲ್ಲಾಡುತ್ತವೆ.

ಗಂಡನ ಕಾರ್ಡಿನ ತೊಂದರೆ ಅದೇ. ಆತ ಕೆಲಸ ಬಿಟ್ಟರೆ, ತೀರಿಕೊಂಡರೆ, ಬೇರೆಯಾದರೆ, ಆಕೆಯ ವ್ಯಾಪಾರ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ರಕ್ಷಣೆ ಹೋಗುತ್ತದೆ. ಗಂಡ ಆಟೋ ಓಡಿಸುವ ಮನೆಯಲ್ಲಂತೂ ಆ ಕಾರ್ಡು ಮೊದಲೇ ಇಲ್ಲ.

ಹೆಂಗಸರಿಗೇ ಯಾಕೆ ಜಾಸ್ತಿ ತಟ್ಟುತ್ತದೆ

ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವ ಹೆಂಗಸರಲ್ಲಿ ಶೇ 67 ಮಂದಿ ಸ್ವಂತ ಉದ್ಯೋಗದವರು. 2017-18ರಲ್ಲಿ ಇದು ಶೇ 52 ಇತ್ತು. ಕೇಳಿದರೆ ಮನೆಮನೆಯಲ್ಲೂ ಉದ್ಯಮಿ ಹುಟ್ಟಿದ ಹಾಗೆ ಅನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಮನೆಯ ಹೊಲ, ಅಂಗಡಿಯಲ್ಲಿ ಕೂಲಿ ಇಲ್ಲದೆ ದುಡಿಯುವವರೂ ಸೇರಿದ್ದಾರೆ. ದುಡಿಯುವ ಒಟ್ಟು ಹೆಂಗಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅಂಥವರೇ. ಅವರಿಗೆ ಪಗಾರದ ಚೀಟಿಯೂ ಇಲ್ಲ, ಅದರ ಜೊತೆ ಬರುವ ವಿಮೆಯೂ ಇಲ್ಲ.

ಇನ್ನು ಕಾಯಿಲೆಯ ಲೆಕ್ಕ. ಬೀದಿ ಬದಿ ಇಡ್ಲಿ ಮಾರುವ ಹೆಂಗಸಿಗೆ ಜ್ವರ ಬಂದರೆ ಗಾಡಿ ನಿಲ್ಲುತ್ತದೆ. ಆಕೆಯ ಮಗುವಿಗೆ ಜ್ವರ ಬಂದರೂ ನಿಲ್ಲುತ್ತದೆ. ಅತ್ತೆ ಆಸ್ಪತ್ರೆ ಸೇರಿದರೂ ಬುತ್ತಿ ಒಯ್ಯುವುದು, ರಾತ್ರಿ ಮಂಚದ ಪಕ್ಕ ಮಲಗುವುದು ಆಕೆಯೇ. ಮನೆಯಲ್ಲಿ ಯಾರ ಮೈ ಬಿಸಿಯಾದರೂ ಬಾಗಿಲು ಹಾಕುವುದು ಆಕೆಯ ಅಂಗಡಿ.

ದುಡ್ಡಿನ ಲೆಕ್ಕ ಇನ್ನೂ ಕಷ್ಟ. ಸಣ್ಣ ವ್ಯಾಪಾರದಲ್ಲಿ ಮನೆ ಡಬ್ಬಿಗೂ ಅಂಗಡಿ ಡಬ್ಬಿಗೂ ಗೋಡೆ ಇರುವುದಿಲ್ಲ. ಆಸ್ಪತ್ರೆ ಬಿಲ್ಲು ಬಂದಾಗ ಮೊದಲು ಹೋಗುವುದು ನಾಳೆ ಸಾಮಾನು ತರಲು ಇಟ್ಟ ದುಡ್ಡು. ಆಮೇಲೆ ಕಿವಿಯ ಓಲೆ ಅಡ ಇಡುವುದು, ಆಮೇಲೆ ಸಂಘದ ಸಾಲ, ಆಮೇಲೆ ವಾರದ ಬಡ್ಡಿಯವರು. ಕಾಯಿಲೆ 10 ದಿನದಲ್ಲಿ ವಾಸಿಯಾಗಬಹುದು, ವ್ಯಾಪಾರ ಮೇಲೇಳಲು 10 ತಿಂಗಳು ಬೇಕಾಗಬಹುದು.

ಇದನ್ನು ನಮ್ಮ ದೇಶದಲ್ಲಿ ಮೊದಲೇ ಗುರುತಿಸಿದ್ದು ಅಹಮದಾಬಾದಿನ 'ಸೇವಾ' (SEWA) ಅನ್ನುವ ಸಂಘಟನೆ. ಇಳಾ ಭಟ್ 1972ರಲ್ಲಿ ಕಟ್ಟಿದ, ಸ್ವಂತ ದುಡಿಮೆಯ ಹೆಂಗಸರ ಸಂಘ ಅದು. 1974ರಲ್ಲಿ ತಮ್ಮದೇ ಬ್ಯಾಂಕು ಶುರು ಮಾಡಿದರು. ಸಾಲ ಯಾಕೆ ತೀರುತ್ತಿಲ್ಲ ಅಂತ ನೋಡಿದರೆ ಕಾಯಿಲೆ, ಹೆರಿಗೆ, ಸಾವು ಮುಖ್ಯ ಕಾರಣಗಳಾಗಿದ್ದವು. 1992ರಲ್ಲಿ ವಿಮೋಸೇವಾ ಅಂತ ತಮ್ಮದೇ ವಿಮಾ ಯೋಜನೆ ತಂದರು. ಇಲ್ಲಿ ವಿಮೆಯ ಕೆಲಸ ಅಮೆರಿಕದಲ್ಲಿದ್ದ ಹಾಗೆ ಬೀಗ ತೆಗೆಯುವುದಲ್ಲ. ಆಗಲೇ ನಡೆಯುತ್ತಿರುವ ಅಂಗಡಿ ಮುಚ್ಚದ ಹಾಗೆ ಕಾಯುವುದು. ನಮ್ಮ ದೇಶದ ಮಟ್ಟಿಗೆ ನನಗೆ ಇದೇ ದೊಡ್ಡ ವಿಷಯ ಅನಿಸುತ್ತದೆ.

5 ಲಕ್ಷದ ಕಾರ್ಡು, ಯಶಸ್ವಿನಿ

ಈಗ ಎರಡನೇ ಬಾಗಿಲು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಈ ಕಾರ್ಡು ಕೆಲಸಕ್ಕೆ ಅಂಟಿಕೊಂಡಿಲ್ಲ. ಗಾರ್ಮೆಂಟ್ಸ್ ಬಿಟ್ಟರೂ ಇರುತ್ತದೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವಂಥ ಚಿಕಿತ್ಸೆಗೆ. ದಿನಾ ನುಂಗುವ ಥೈರಾಯ್ಡ್ ಮಾತ್ರೆ, ಶುಗರ್ ಮಾತ್ರೆ, ತಿಂಗಳ ರಕ್ತ ಪರೀಕ್ಷೆ ಇದರಲ್ಲಿ ಬರುವುದಿಲ್ಲ. ಮಲಗಿದ ದಿನದ ಗಳಿಕೆಯೂ ಬರುವುದಿಲ್ಲ.

ಇನ್ನೊಂದು ಸಿಕ್ಕು ಇದೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯದ ಮಿತಿ 1.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10,000. ಟೈಲರಿಂಗ್ ಅಂಗಡಿ ಚೆನ್ನಾಗಿ ನಡೆದರೆ ಸುಲಭವಾಗಿ ದಾಟುವ ಗೆರೆ. "ಬೋರ್ಡ್ ಹಾಕಬೇಡ, ಬಿಲ್ ಪುಸ್ತಕ ಮಾಡಿಸಬೇಡ, ಕಾರ್ಡ್ ಹೋಗುತ್ತೆ" ಅಂತ ಬುದ್ಧಿ ಹೇಳುವವರು ಬೀದಿಗೊಬ್ಬರು ಇದ್ದಾರೆ. ಅಮೆರಿಕದಲ್ಲಿ ಕೆಲಸಕ್ಕೆ ಬಿದ್ದ ಬೀಗ, ಇಲ್ಲಿ ಅಂಗಡಿಯ ಬೆಳವಣಿಗೆಗೆ ಬೀಳುತ್ತದೆ.

ಯಶಸ್ವಿನಿ ಬೇರೆ ತರಹದ್ದು. ಡಾ. ದೇವಿ ಶೆಟ್ಟಿ ಮತ್ತು ರಾಜ್ಯದ ಸಹಕಾರ ಇಲಾಖೆ ಸೇರಿ ರೂಪಿಸಿದ ಈ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ಕಂತು ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ನಿಂತುಹೋಗಿ, 2023ರಲ್ಲಿ ಮತ್ತೆ ಶುರುವಾಯಿತು. ಹೊಸದಾಗಿ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000, ಮಿತಿ 5 ಲಕ್ಷ ಅಂತ ಇಟ್ಟರು. ಸೇರಲು ಸಹಕಾರ ಸಂಘದ ಸದಸ್ಯತ್ವ ಬೇಕು. ಹಾಲಿನ ಡೇರಿಗೆ ಹಾಲು ಹಾಕುವ ಹೆಂಗಸು ಸದಸ್ಯೆಯಾಗಿದ್ದರೆ ಕಾರ್ಡು ಆಕೆಯ ಸದಸ್ಯತ್ವದ ಮೇಲೇ ಬರುತ್ತದೆ, ಗಂಡನದೇ ಬೇಕಾಗಿಲ್ಲ. ಹಳೆಯ ಯಶಸ್ವಿನಿಯ ಬಗ್ಗೆ ನಡೆದ ಅಧ್ಯಯನದಲ್ಲಿ, ಸೇರಿದ ಕುಟುಂಬಗಳು ಶಸ್ತ್ರಚಿಕಿತ್ಸೆಗೆ ಸಾಲ ಮಾಡುವುದು ಕಡಿಮೆಯಾದದ್ದು ಕಂಡಿತ್ತು. ನೋಂದಣಿ ವರ್ಷವಿಡೀ ಇರುವುದಿಲ್ಲ, ಡೇರಿಯಲ್ಲೋ ಸೊಸೈಟಿಯಲ್ಲೋ ಕೇಳಿಕೊಂಡಿರಬೇಕು.

ಸ್ವಂತ ಪಾಲಿಸಿ: ದುಡ್ಡಿಗಿಂತ ಕಾಯುವುದೇ ಕಷ್ಟ

ಮೂರನೇ ಬಾಗಿಲಿನ ಬಗ್ಗೆ ಇತ್ತೀಚಿನ ಸುದ್ದಿ ಗೊತ್ತಿರಬಹುದು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿ ಅಥವಾ ಕುಟುಂಬ ಕೊಳ್ಳುವ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಇತ್ತು. 10,000 ಪ್ರೀಮಿಯಂಗೆ 1,800 ತೆರಿಗೆ ಬೀಳುತ್ತಿದ್ದದ್ದು ಈಗ ಬೀಳುವುದಿಲ್ಲ.

ಆದರೆ ಜಾಸ್ತಿ ಜನ ಎಡವುವುದು ವೇಟಿಂಗ್ ಪೀರಿಯಡ್‌ನಲ್ಲಿ, ಅಂದರೆ ಕಾಯುವ ಅವಧಿಯಲ್ಲಿ. ಪಾಲಿಸಿ ತೆಗೆದ ದಿನವೇ ಎಲ್ಲಕ್ಕೂ ದುಡ್ಡು ಸಿಗುವುದಿಲ್ಲ. ಅಪಘಾತ ಬಿಟ್ಟರೆ ಮೊದಲ 30 ದಿನ ಏನೂ ಇಲ್ಲ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು 4 ವರ್ಷ ಇತ್ತು. ಗರ್ಭಕೋಶದ ಗಡ್ಡೆ, ಹರ್ನಿಯಾ, ಕಲ್ಲು ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ. ಹೆರಿಗೆ ಬಹಳ ಪಾಲಿಸಿಗಳಲ್ಲಿ ಇರುವುದೇ ಇಲ್ಲ, ಇದ್ದರೂ ತಿಂಗಳುಗಟ್ಟಲೆಯಿಂದ ವರ್ಷಗಟ್ಟಲೆ ಕಾಯಬೇಕು.

ನನ್ನ ಚಿಕ್ಕಮ್ಮನ ಮಗಳಿಗೆ ಇದೇ ಆಯಿತು. ಕಂಪನಿ ಕೆಲಸ ಬಿಟ್ಟು ಬ್ಯೂಟಿ ಪಾರ್ಲರ್ ಇಟ್ಟಳು. ಕಂಪನಿಯ ಗ್ರೂಪ್ ವಿಮೆ ಮುಗಿದು ನಾಲ್ಕು ತಿಂಗಳಾದ ಮೇಲೆ ನೆನಪಾಗಿ ಹೊಸ ಪಾಲಿಸಿ ತೆಗೆದಳು. ಏಳನೇ ತಿಂಗಳಿಗೆ ಗರ್ಭಕೋಶದಲ್ಲಿ ಗಡ್ಡೆ ಅಂತ ಗೊತ್ತಾಯಿತು. ಪಾಲಿಸಿ ಇತ್ತು, ದುಡ್ಡು ಬರಲಿಲ್ಲ. ಪಾರ್ಲರಿನ ಎರಡು ಕುರ್ಚಿ ಮಾರಿದಳು. ಅವಳಿಗೆ ಆಗ ಯಾರೂ ಹೇಳದ ವಿಷಯ ಒಂದಿತ್ತು. ಗ್ರೂಪ್ ವಿಮೆಯಲ್ಲಿ ಇರುವವರು ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ವರ್ಗವಾಗಲು ಅವಕಾಶ ಇದೆ. ಹಾಗೆ ಮಾಡಿದರೆ ಗ್ರೂಪ್‌ನಲ್ಲಿ ಕಳೆದ ವರ್ಷಗಳೂ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ರಾಜೀನಾಮೆ ಕೊಡುವ ಮೊದಲೇ ಎಚ್‌ಆರ್‌ನವರ ಹತ್ತಿರ ಕೇಳಬೇಕು, ಆಮೇಲೆ ಅಲ್ಲ. ಇಎಸ್‌ಐನಿಂದ ಹೀಗೆ ವರ್ಗವಾಗಲು ಆಗುವುದಿಲ್ಲ. ಹಾಗಾಗಿ ಇಎಸ್‌ಐ ಇರುವಾಗಲೇ ಸಣ್ಣದೊಂದು ಪಾಲಿಸಿ ಶುರು ಮಾಡಿದರೆ ಕಾಯುವ ಗಡಿಯಾರ ಆಗಿಂದಲೇ ಓಡುತ್ತದೆ. ಥೈರಾಯ್ಡ್ ಇದೆ ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಕ್ಲೇಮ್ ತಳ್ಳಿಹಾಕಲು ಅದೇ ಕಾರಣವಾಗುತ್ತದೆ.

78 ದಿನ

ಅಕ್ಕನ ಪ್ರಶ್ನೆಗೆ ಬರೋಣ. ಕೆಲಸ ಬಿಟ್ಟ ಮರುದಿನವೇ ಇಎಸ್‌ಐ ಹೋಗುವುದಿಲ್ಲ. ಇಎಸ್‌ಐನಲ್ಲಿ ವರ್ಷಕ್ಕೆ ಎರಡು ಕಂತಿನ ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೊದಲನೆಯದರಲ್ಲಿ ಕಟ್ಟಿದ್ದಕ್ಕೆ ಸೌಲಭ್ಯ ಮುಂದಿನ ಜನವರಿಯಿಂದ ಜೂನ್. ಎರಡನೆಯದಕ್ಕೆ ಜುಲೈಯಿಂದ ಡಿಸೆಂಬರ್. ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಬಿದ್ದಿದ್ದರೆ, ಆಮೇಲೆ ಕೆಲಸ ಬಿಟ್ಟರೂ ಅದಕ್ಕೆ ಜೋಡಿಯಾದ ಅವಧಿ ಮುಗಿಯುವವರೆಗೆ ಚಿಕಿತ್ಸೆ ಸಿಗುತ್ತದೆ.

ಮೇ ಕೊನೆಗೆ ಬಿಟ್ಟರೆ ಏಪ್ರಿಲ್‌ನಿಂದ ಲೆಕ್ಕ ಹಾಕಿದರೂ 78 ಆಗುವುದಿಲ್ಲ. ಹಿಂದಿನ ಮಾರ್ಚ್‌ವರೆಗಿನ ಕಂತಿನ ಮೇಲೆ ಡಿಸೆಂಬರ್‌ವರೆಗೆ ಮಾತ್ರ ಚಿಕಿತ್ಸೆ. ಜುಲೈ ಕೊನೆಗೆ ಬಿಟ್ಟರೆ ಮುಂದಿನ ವರ್ಷದ ಜೂನ್‌ವರೆಗೆ. ಎರಡು ತಿಂಗಳು ತಡೆದುಕೊಂಡರೆ ಆರು ತಿಂಗಳ ಮಾತ್ರೆ ಜಾಸ್ತಿ. ನಿಮ್ಮ ಕಂತು ಎಷ್ಟು ದಿನದ್ದು ಬಿದ್ದಿದೆ, ನಿಯಮ ಏನಾದರೂ ಬದಲಾಗಿದೆಯಾ ಅಂತ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಒಮ್ಮೆ ಕೇಳಿಕೊಂಡೇ ಹೆಜ್ಜೆ ಇಡಿ.

ಅಕ್ಕ ಗೋಡೆಯ ಕ್ಯಾಲೆಂಡರ್ ಇಳಿಸಿ, ಗುರುತು ಹಾಕುವ ಚಾಕ್‌ನಿಂದಲೇ ಏಪ್ರಿಲ್‌ನಿಂದ ದಿನ ಎಣಿಸಿದರು. ತಿಂಗಳಿಗೆ 26ರ ಹಾಗೆ ಮೂರು ತಿಂಗಳು, ಸರಿಯಾಗಿ 78. ಮಧ್ಯೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಬಳ ಕಟ್ ಆದ ನಾಲ್ಕು ದಿನಕ್ಕೆ ಅಡ್ಡಗೀಟು ಹಾಕಿದರು.

"ಹಂಗಾದ್ರೆ ಜುಲೈವರೆಗೂ ಹೋಗ್ತೀನಿ ಬಿಡಿ. ಆಷಾಢದಲ್ಲಿ ಹೆಂಗೂ ಬ್ಲೌಸ್ ಕೊಡೋರು ಕಮ್ಮಿ. ಶ್ರಾವಣ ಬಂತಂದ್ರೆ ವರಮಹಾಲಕ್ಷ್ಮಿಗೆ ಅಂತ ಸಾಲು ನಿಲ್ತಾರೆ" ಅಂದರು. ನೋಟ್‌ಬುಕ್ಕಿನ ಕೊನೆ ಹಾಳೆ ಮತ್ತೆ ತೆಗೆದು, ಕರೆಂಟಿನ ಕೆಳಗೆ 'ಮಾತ್ರೆ, ವಿಮೆ' ಅಂತ ಬರೆದು ಮುಂದೆ ಜಾಗ ಬಿಟ್ಟರು. ನನ್ನ ಸೀರೆಗೆ ಇನ್ನೂ ಫಾಲ್ಸ್ ಆಗಿರಲಿಲ್ಲ, ಬುಧವಾರ ಬನ್ನಿ ಅಂದರು.